ಸ್ವರ ಕಾಣದಿರಲಿ, ‘3’ ಕಾಣಲಿ: ಮ್ಯೂಸ್‌ಸ್ಕೋರ್‌ನಲ್ಲಿ ಖಾಲಿ ಟ್ರಿಪ್ಲೆಟ್ ಬ್ರಾಕೆಟ್ ಮಾಡುವ ಬಗೆ

ಕೊಡಗಿನ ಮಕ್ಕಳಿಗೆ ಮೂರರ ಲಯವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮದುವೆ ಮಂಟಪದಲ್ಲಿ ವಾಲಗ ಶುರುವಾದರೆ ಸಾಕು, ಆಗಷ್ಟೇ ನಡೆಯಲು ಕಲಿತ ಮಗುವೂ ಲಯಕ್ಕೆ ಸರಿಯಾಗಿ ಕೈ ಬೀಸುತ್ತದೆ. ಕಷ್ಟ ಶುರುವಾಗುವುದು ಅದೇ ಲಯವನ್ನು ಐದು ಗೆರೆಯ ಮೇಲೆ ಬರೆಯಲು ಕೂತಾಗ. ಶಾಲೆಯ ಬ್ಯಾಂಡಿಗೆ, ಚರ್ಚ್ ಕಾಯರ್‌ಗೆ, ಮನೆಯಲ್ಲಿ ಕೀಬೋರ್ಡ್ ಅಥವಾ ವಯಲಿನ್ ಪಾಠಕ್ಕೆ ಬರುವ ಮಕ್ಕಳು ಟ್ರಿಪ್ಲೆಟ್ (ಎರಡು ಸ್ವರದ ಕಾಲದಲ್ಲಿ ಮೂರು ಸ್ವರ) ಅಂದ ಕೂಡಲೇ ತಡವರಿಸುತ್ತಾರೆ.

ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉಪಾಯ ಖಾಲಿ ಬ್ರಾಕೆಟ್‌ನ ಹಾಳೆ. ಸ್ಟಾಫ್ (ಆ ಐದು ಗೆರೆ) ಮೇಲೆ ಬ್ರಾಕೆಟ್ ಇರುತ್ತದೆ, ಅದರ ನಡುವೆ ‘3’ ಇರುತ್ತದೆ, ಕೆಳಗೆ ಏನೂ ಇರುವುದಿಲ್ಲ. ನೀವು ಕೀಬೋರ್ಡಿನಲ್ಲಿ ನುಡಿಸಿ, ಮಗು ಕೇಳಿ ಪೆನ್ಸಿಲ್‌ನಲ್ಲಿ ತುಂಬಲಿ. ಎಲ್ಲಿ ಮೂರು ಸ್ವರ ಬರುತ್ತವೆ ಎಂದು ಬ್ರಾಕೆಟ್ ಹೇಳುತ್ತದೆ, ಯಾವ ಸ್ವರ ಎಂದು ಕಿವಿ ಹೇಳಬೇಕು.

ಕೈಯಲ್ಲಿ ಬರೆಯುವುದಾದರೆ ಇದು ಎರಡು ನಿಮಿಷದ ಕೆಲಸ. ಕಂಪ್ಯೂಟರಿನಲ್ಲಿ ಮಾತ್ರ ಸ್ವರ ಅಳಿಸಿದರೆ ಬ್ರಾಕೆಟ್ ಗಟ್ಟಿಯಾಗಿ ನಿಲ್ಲುವುದಿಲ್ಲ, ಬ್ರಾಕೆಟ್ ಬೇಕೆಂದರೆ ಸ್ವರ ಹೋಗುವುದಿಲ್ಲ. ಸಾಫ್ಟ್‌ವೇರ್‌ನ ಲೆಕ್ಕದಲ್ಲಿ ಬ್ರಾಕೆಟ್ ಎನ್ನುವುದು ಬರೀ ಗೆರೆ ಅಲ್ಲ. ಒಂದಿಷ್ಟು ಕಾಲವನ್ನು ಮೂರು ಭಾಗ ಮಾಡಿ ಇಟ್ಟಿದ್ದೇವೆ ಎಂಬ ಗುರುತು ಅದು. ಒಳಗೆ ಸ್ವರವೋ ರೆಸ್ಟೋ (ಮೌನದ ಗುರುತು) ಏನಾದರೂ ಇದ್ದೇ ಇರಬೇಕು. ಹಾಗಾಗಿ ಅಳಿಸುವ ಯೋಚನೆ ಬಿಡಿ. ಒಳಗಿರುವುದು ಒಳಗೇ ಇರಲಿ, ಕಾಣದಂತೆ ಮಾಡಿದರೆ ಸಾಕು.

ಮೊದಲು ಒಂದು ಪ್ರಶ್ನೆ: ನಿಮಗೆ ಟ್ರಿಪ್ಲೆಟ್ ನಿಜವಾಗಿ ಬೇಕಾ?

ಹಾಡು ಪೂರ್ತಿ ಮೂರು ಮೂರಾಗಿಯೇ ಓಡುತ್ತಿದ್ದರೆ ಬ್ರಾಕೆಟ್ ಬೇಡ. ಅದನ್ನು 6/8ರಲ್ಲಿ ಬರೆಯಿರಿ. ವಾಲಗದ ತೂಗುವ ನಡೆಯನ್ನು 2/4ರಲ್ಲಿ ಹಾಕಿ, ಪ್ರತಿ ಬೀಟ್ ಮೇಲೂ ‘3’ ಬರೆದು ತುಂಬಿಸಿದ ಹಾಳೆಗಳನ್ನು ನೋಡಿದ್ದೇನೆ. ಓದುವವರಿಗೆ ಕಣ್ಣು ನೋವು, ಬೇರೇನೂ ಲಾಭ ಇಲ್ಲ.

ಟ್ರಿಪ್ಲೆಟ್ ಬೇಕಾಗುವುದು ಎರಡೆರಡಾಗಿ ಹೋಗುತ್ತಿರುವ ಹಾಡಿನಲ್ಲಿ ಒಂದು ಬೀಟ್ ಮಾತ್ರ ಮೂರಾಗಿ ಒಡೆದಾಗ. ಕರ್ನಾಟಕ ಸಂಗೀತ ಕಲಿತವರಿಗೆ ಇದು ಸುಲಭ. ‘ತಕದಿಮಿ ತಕದಿಮಿ’ ಎಂದು ಚತುರಶ್ರದಲ್ಲಿ ಹೋಗುತ್ತಾ, ತಾಳ ಬದಲಿಸದೆ ಒಂದು ಎಣಿಕೆಗೆ ‘ತಕಿಟ’ ಹಾಕಿದರೆ ಅದು ತಿಶ್ರ. ಟ್ರಿಪ್ಲೆಟ್ ಬ್ರಾಕೆಟ್ ಹೇಳುವುದೂ ಅದನ್ನೇ: ಎರಡು ಎಯ್ತ್ ನೋಟ್‌ಗಳ (ಅರ್ಧ ಬೀಟ್‌ನ ಸ್ವರಗಳ) ಜಾಗದಲ್ಲಿ ಮೂರು. ಮಕ್ಕಳಿಗೆ ಹೇಳುವಾಗ ನಾನು ಎರಡು ಕೈಯಲ್ಲಿ ತಾಳ ಹಾಕಿಸಿ ಬಾಯಲ್ಲಿ ತಕಿಟ ಹೇಳಿಸುತ್ತೇನೆ, ಹಾಳೆ ಆಮೇಲೆ.

ಏನೇನು ಬೇಕು

ಇಲ್ಲಿ ಹೇಳುವುದೆಲ್ಲ ಮ್ಯೂಸ್‌ಸ್ಕೋರ್ 4ನ್ನು ಇಟ್ಟುಕೊಂಡು. ಡಿಸೆಂಬರ್ 2022ರಲ್ಲಿ ಬಂದ ಈ ಆವೃತ್ತಿಗೆ ಈಗ ಮ್ಯೂಸ್‌ಸ್ಕೋರ್ ಸ್ಟುಡಿಯೋ ಎಂದು ಹೆಸರು. ಸ್ವರಲಿಪಿ ಬರೆಯುವ ಉಚಿತ, ಮುಕ್ತ ತಂತ್ರಾಂಶ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ನೆಟ್ ಚೆನ್ನಾಗಿರುವ ಕಡೆ ಇಳಿಸಿಕೊಂಡು, ಮನೆಗೆ ಹೋಗಿ ಕೂತು ಮಾಡಬಹುದು. ಜತೆಗೆ ಸಿಗುವ ದೊಡ್ಡ ದೊಡ್ಡ ಧ್ವನಿ ಲೈಬ್ರರಿಗಳು ಈ ಕೆಲಸಕ್ಕೆ ಬೇಡವೇ ಬೇಡ. ಸುಮ್ನೆ ಡೇಟಾ ಖರ್ಚು.

ಇನ್ನೊಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಪ್ರಿಫರೆನ್ಸಸ್‌ನಲ್ಲಿ ಆಟೋ ಸೇವ್ ಇದೆ. ಅದನ್ನು ಆನ್ ಮಾಡಿ, ಸಮಯವನ್ನು ಎರಡು ಮೂರು ನಿಮಿಷಕ್ಕೆ ಇಳಿಸಿ. ಡೆಸ್ಕ್‌ಟಾಪ್ ಇರುವವರಿಗೆ ಇದು ತೀರಾ ಅಗತ್ಯ.

ಪರದೆ ಮೇಲಿನ ಒಂದು ಟ್ರಿಪ್ಲೆಟ್ ಒಳಗೆ ಏನೇನಿದೆ

ನಮ್ಮ ಕಣ್ಣಿಗೆ ಟ್ರಿಪ್ಲೆಟ್ ಒಂದೇ ಚಿತ್ರ. ಸಾಫ್ಟ್‌ವೇರ್‌ಗೆ ಅದು ಹಲವು ತುಂಡು. ಸ್ವರದ ತಲೆ ಒಂದು, ಕಡ್ಡಿಯಂಥ ಸ್ಟೆಮ್ ಒಂದು, ಮೂರನ್ನೂ ಸೇರಿಸುವ ಬೀಮ್ ಒಂದು, ಚುಕ್ಕಿ, ಶಾರ್ಪ್, ಫ್ಲಾಟ್ ಇದ್ದರೆ ಅವೂ ಬೇರೆ ಬೇರೆ. ಬ್ರಾಕೆಟ್ ಮತ್ತು ‘3’ ಸೇರಿ ಇನ್ನೊಂದು ತುಂಡು. ಪ್ರತಿಯೊಂದಕ್ಕೂ ‘ವಿಸಿಬಲ್’ ಎಂಬ ಗುಣ ಇದೆ. ಆಯ್ಕೆ ಮಾಡಿ ಕೀಬೋರ್ಡಿನಲ್ಲಿ ವಿ ಅಕ್ಷರ ಒತ್ತಿದರೆ ಅದು ಮರೆಯಾಗುತ್ತದೆ, ಮತ್ತೆ ಒತ್ತಿದರೆ ಬರುತ್ತದೆ.

ಮರೆಯಾದದ್ದು ಪರದೆಯಲ್ಲಿ ಬೂದು ಬಣ್ಣದಲ್ಲಿ ಕಾಣುತ್ತಲೇ ಇರುತ್ತದೆ. ಗಾಬರಿ ಬೇಡ, ಪ್ರಿಂಟ್‌ನಲ್ಲಿ ಬರುವುದಿಲ್ಲ. ಬೂದು ಕೂಡ ಬೇಡವಾದರೆ ವ್ಯೂ ಮೆನುವಿನ ಶೋ ಪಟ್ಟಿಯಲ್ಲಿ ‘ಶೋ ಇನ್‌ವಿಸಿಬಲ್’ ತೆಗೆಯಿರಿ. ಆದರೆ ಕೆಲಸ ಮುಗಿಯುವವರೆಗೆ ಅದನ್ನು ಆನ್ ಇಟ್ಟುಕೊಳ್ಳುವುದೇ ಒಳ್ಳೆಯದು. ಕಾಣದ್ದನ್ನು ಮೌಸ್‌ನಲ್ಲಿ ಹಿಡಿಯುವುದು ಹೇಗೆ, ಅಲ್ವಾ?

ಮೊದಲ ದಾರಿ: ರೆಸ್ಟ್ ಹಾಕಿ, ರೆಸ್ಟ್ ಮರೆಮಾಡಿ

ಲಯದ ಹಾಳೆಗೆ ಇದೇ ಸಲೀಸು. ಸ್ವರವೇ ಹಾಕದ ಮೇಲೆ ಸ್ಟೆಮ್ ಇಲ್ಲ, ಬೀಮ್ ಇಲ್ಲ, ಧ್ವನಿಯೂ ಇಲ್ಲ. ಮರೆಮಾಡಬೇಕಾದದ್ದು ರೆಸ್ಟ್ ಮಾತ್ರ.

1. ಹೊಸ ಸ್ಕೋರ್ ತೆರೆಯಿರಿ. 2/4 ಅಥವಾ 4/4 ಇರಲಿ.

2. ಎನ್ ಒತ್ತಿ ಬರೆಯುವ ಸ್ಥಿತಿಗೆ ಹೋಗಿ. 5 ಒತ್ತಿದರೆ ಕ್ವಾರ್ಟರ್ ನೋಟ್ ಸಿಗುತ್ತದೆ. ಟ್ರಿಪ್ಲೆಟ್ ಒಟ್ಟು ಎಷ್ಟು ಹೊತ್ತು ಇರಬೇಕೋ ಆ ಅಳತೆಯನ್ನು ಇಲ್ಲಿ ಆರಿಸಬೇಕು. ಒಂದು ಬೀಟ್‌ನಲ್ಲಿ ಮೂರು ಬೇಕೆಂದರೆ ಕ್ವಾರ್ಟರ್, ಎರಡು ಬೀಟ್‌ನಲ್ಲಿ ಮೂರು ಬೇಕೆಂದರೆ 6 ಒತ್ತಿ ಹಾಫ್ ನೋಟ್. ತುಂಬಾ ಜನ ಇಲ್ಲೇ ಎಯ್ತ್ ನೋಟ್ ಆರಿಸಿ, ಬಂದದ್ದು ಯಾಕೆ ಇಷ್ಟು ಚಿಕ್ಕದು ಎಂದು ತಲೆ ಕೆರೆದುಕೊಳ್ಳುತ್ತಾರೆ.

3. ಕಂಟ್ರೋಲ್ ಹಿಡಿದು 3 ಒತ್ತಿ. ಮ್ಯಾಕ್‌ನಲ್ಲಿ ಕಮಾಂಡ್ ಹಿಡಿದು 3. ಆ ಬೀಟ್‌ನಲ್ಲಿ ಮೂರು ಎಯ್ತ್ ರೆಸ್ಟ್‌ಗಳು, ಮೇಲೆ ಬ್ರಾಕೆಟ್, ನಡುವೆ ‘3’ ಬರುತ್ತವೆ. ಸ್ವರ ಹಾಕಬೇಡಿ. ಎಸ್ಕೇಪ್ ಒತ್ತಿ ಹೊರಗೆ ಬನ್ನಿ.

4. ಹಾಳೆಯಲ್ಲಿ ಎಲ್ಲೆಲ್ಲಿ ಟ್ರಿಪ್ಲೆಟ್ ಬೇಕೋ ಅಲ್ಲೆಲ್ಲ ಹೀಗೇ ಮಾಡಿ. ಬಾರ್ ಪೂರ್ತಿ ಕಾಪಿ ಮಾಡಿ ಅಂಟಿಸಬಹುದು. ಮರೆಮಾಡುವ ಕೆಲಸ ಇನ್ನೂ ಬೇಡ, ಎಲ್ಲ ಜಾಗಕ್ಕೆ ಕೂತ ಮೇಲೆ ಒಟ್ಟಿಗೆ ಮಾಡೋಣ.

5. ಈಗ ಮೊದಲ ರೆಸ್ಟ್ ಮೇಲೆ ಕ್ಲಿಕ್ ಮಾಡಿ. ಕಂಟ್ರೋಲ್ ಹಿಡಿದು ಉಳಿದ ಎರಡರ ಮೇಲೂ ಕ್ಲಿಕ್ ಮಾಡಿ. ಮೂರೂ ಬಣ್ಣ ಬದಲಿಸಿದ ಮೇಲೆ ವಿ ಒತ್ತಿ. ರೆಸ್ಟ್‌ಗಳು ಬೂದಾದವು, ಬ್ರಾಕೆಟ್ ಕಪ್ಪಾಗಿಯೇ ಉಳಿಯಿತು. ಇಷ್ಟೇ ಕೆಲಸ.

ಟ್ರಿಪ್ಲೆಟ್‌ಗಳು ಜಾಸ್ತಿ ಇದ್ದರೆ ಒಂದೊಂದೇ ಕ್ಲಿಕ್ ಮಾಡುತ್ತಾ ಕೂರಬೇಡಿ. ಒಂದು ರೆಸ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಸೆಲೆಕ್ಟ್’ ಪಟ್ಟಿಗೆ ಹೋಗಿ. ಅಲ್ಲಿ ಅದೇ ಸ್ಟಾಫ್‌ನಲ್ಲಿರುವ ಅಂಥದ್ದನ್ನೆಲ್ಲ ಆರಿಸುವ ಆಯ್ಕೆ ಇದೆ. ರೆಸ್ಟ್‌ಗಳೆಲ್ಲ ಒಟ್ಟಿಗೆ ಸಿಗುತ್ತವೆ, ಬ್ರಾಕೆಟ್ ಸೇರುವುದಿಲ್ಲ. ಒಂದು ಸಲ ವಿ. ಆದರೆ ನೋಡಿ, ಹಾಡಿನಲ್ಲಿ ನಿಜವಾಗಿಯೂ ಕಾಣಬೇಕಾದ ರೆಸ್ಟ್‌ಗಳೂ ಇದ್ದರೆ ಅವೂ ಹೋಗಿಬಿಡುತ್ತವೆ. ಹಾಗಿದ್ದಾಗ ಮೊದಲು ಬೇಕಾದಷ್ಟು ಬಾರ್‌ಗಳನ್ನು ಆರಿಸಿಕೊಂಡು, ಆ ಆಯ್ಕೆಯೊಳಗಿನ ಅಂಥದ್ದನ್ನು ಮಾತ್ರ ಹಿಡಿಯುವ ಸಾಲನ್ನು ಬಳಸಿ.

ಬ್ರಾಕೆಟ್ ಕಾಣುತ್ತಿಲ್ಲವೇ?

ಜನ ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು.

ಒಂದನೆಯದು, ಆಯ್ಕೆ ಮಾಡಿದ ರೀತಿ. ಶಿಫ್ಟ್ ಹಿಡಿದು ಮೊದಲಿಂದ ಕೊನೆವರೆಗೆ ಆರಿಸಿದರೆ ನೀಲಿ ಚೌಕ ಬರುತ್ತದೆ. ಆ ಚೌಕದೊಳಗೆ ಬ್ರಾಕೆಟ್ ಕೂಡ ಸೇರಿರಬಹುದು. ಆಗ ವಿ ಒತ್ತಿದರೆ ಎಲ್ಲವೂ ಒಟ್ಟಿಗೆ ಮಾಯ. ವಾಪಸ್ ತರುವುದು ಕಷ್ಟವಿಲ್ಲ. ಬೂದಾಗಿರುವ ‘3’ರ ಮೇಲೆ ಮಾತ್ರ ಕ್ಲಿಕ್ ಮಾಡಿ, ವಿ ಒತ್ತಿ. ಹಲವು ಇದ್ದರೆ ‘3’ರ ಮೇಲೆ ರೈಟ್ ಕ್ಲಿಕ್, ಸೆಲೆಕ್ಟ್, ಅಂಥದ್ದನ್ನೆಲ್ಲ, ಆಮೇಲೆ ವಿ.

ಎರಡನೆಯದು, ಬ್ರಾಕೆಟ್‌ನ ಬಗೆ. ‘3’ ಕಾಣುತ್ತದೆ, ಆದರೆ ಅದರ ಎರಡು ಬದಿಯ ಗೆರೆ ಇಲ್ಲ. ಸಾಫ್ಟ್‌ವೇರ್ ಬ್ರಾಕೆಟ್‌ನ ವಿಷಯವನ್ನು ‘ಆಟೋ’ದಲ್ಲಿ ಇಟ್ಟಿರುತ್ತದೆ. ಮೂರೂ ಸ್ವರ ಒಂದೇ ಬೀಮ್‌ನಿಂದ ಸೇರಿದ್ದರೆ ಗುಂಪು ಯಾವುದು ಎಂದು ಬೀಮ್ ನೋಡಿಯೇ ಗೊತ್ತಾಗುತ್ತದೆ, ಆದ್ದರಿಂದ ಗೆರೆ ಬೇಡ ಎಂದು ಅದು ತೀರ್ಮಾನಿಸುತ್ತದೆ. ಅಚ್ಚಿನ ಸಂಪ್ರದಾಯವೂ ಹಾಗೇ. ನಾವು ಬೀಮ್ ಮರೆಮಾಡಿದರೂ ಲೆಕ್ಕದಲ್ಲಿ ಬೀಮ್ ಇನ್ನೂ ಇದೆ, ಹಾಗಾಗಿ ಆಟೋ ತನ್ನ ತೀರ್ಮಾನ ಬದಲಿಸುವುದಿಲ್ಲ. ಗಾಳಿಯಲ್ಲಿ ಒಂಟಿ ‘3’ ತೇಲುತ್ತಾ ಉಳಿಯುತ್ತದೆ.

ಸರಿಮಾಡುವುದು ಹೀಗೆ. ‘3’ರ ಮೇಲೆ ಕ್ಲಿಕ್ ಮಾಡಿ. ಪಕ್ಕದಲ್ಲಿ ಪ್ರಾಪರ್ಟೀಸ್ ಪಟ್ಟಿ ಇಲ್ಲದಿದ್ದರೆ ಎಫ್8 ಒತ್ತಿ ತೆರೆಯಿರಿ. ಟ್ಯೂಪ್ಲೆಟ್ (ಟ್ರಿಪ್ಲೆಟ್‌ನಂಥ ಗುಂಪುಗಳಿಗೆಲ್ಲ ಇದೇ ಹೆಸರು) ವಿಭಾಗದಲ್ಲಿ ಬ್ರಾಕೆಟ್ ಟೈಪ್ ಎಂದಿದೆ. ಅಲ್ಲಿ ಮೂರು ಆಯ್ಕೆ: ಆಟೋ, ಬ್ರಾಕೆಟ್, ಏನೂ ಬೇಡ. ನಡುವಿನದನ್ನು ಆರಿಸಿ. ಇನ್ನು ಬೀಮ್ ಇರಲಿ ಬಿಡಲಿ, ಗೆರೆ ಬಂದೇ ಬರುತ್ತದೆ. ಅಲ್ಲೇ ನಂಬರ್ ಟೈಪ್ ಕೂಡ ಇದೆ. ಬರೀ ‘3’ ಸಾಕೋ, ‘3:2’ ಎಂದು ಅನುಪಾತ ಬೇಕೋ ಆರಿಸಬಹುದು. ಮಕ್ಕಳ ಹಾಳೆಗೆ ಬರೀ ‘3’ ಸಾಕು.

ಇಡೀ ಸ್ಕೋರ್‌ಗೆ ಹೀಗೇ ಬೇಕೆಂದರೆ ಫಾರ್ಮ್ಯಾಟ್ ಮೆನುವಿನ ಸ್ಟೈಲ್ ತೆರೆದು, ಟ್ಯೂಪ್ಲೆಟ್ಸ್ ಪುಟದಲ್ಲಿ ಬ್ರಾಕೆಟ್ ಟೈಪ್ ಬದಲಿಸಿ. ಅಭ್ಯಾಸದ ಹಾಳೆಗಳಿಗಾಗಿ ನಾನು ಇದನ್ನೇ ಶಿಫಾರಸು ಮಾಡುತ್ತೇನೆ. ಒಂದು ಫೈಲ್ ಸರಿಮಾಡಿಟ್ಟುಕೊಂಡರೆ ಮುಂದಿನದಕ್ಕೆಲ್ಲ ಅದನ್ನೇ ನಕಲು ಮಾಡಬಹುದು.

ಎರಡನೇ ದಾರಿ: ಸಾಹಿತ್ಯ ಇದೆ, ಸ್ವರ ಮಾತ್ರ ಖಾಲಿ

ಕೊಡವ ತಕ್ಕಿನ ಹಾಡೋ ಅರೆಭಾಷೆಯ ಸೋಬಾನೆಯೋ ಕನ್ನಡದ ಭಾವಗೀತೆಯೋ, ಸಾಲಿನ ಮಾತುಗಳನ್ನು ಕೆಳಗೆ ಕೊಟ್ಟು ಸ್ವರ ಮಕ್ಕಳೇ ಬರೆಯಲಿ ಎನ್ನುವ ಹಾಳೆ ಇನ್ನೂ ಚೆಂದ. ಮಾತು ಬಾಯಿಗೆ ಬಂದಿರುತ್ತದೆ, ರಾಗ ಕಿವಿಯಲ್ಲಿರುತ್ತದೆ. ಕೂಡಿಸಿ ಬರೆಯುವುದಷ್ಟೇ ಬಾಕಿ.

ಇಲ್ಲಿ ರೆಸ್ಟ್‌ನ ದಾರಿ ಕೈಕೊಡುತ್ತದೆ. ಸಾಹಿತ್ಯ ಟೈಪ್ ಮಾಡುವಾಗ ಸ್ಪೇಸ್ ಒತ್ತಿದರೆ ಕರ್ಸರ್ ಮುಂದಿನ ಸ್ವರಕ್ಕೆ ಹಾರುತ್ತದೆ, ರೆಸ್ಟ್‌ಗಳನ್ನು ದಾಟಿಬಿಡುತ್ತದೆ. ಆದ್ದರಿಂದ ನಿಜವಾದ ಸ್ವರಗಳನ್ನೇ ಹಾಕಿ, ಸಾಹಿತ್ಯ ಜೋಡಿಸಿ, ಆಮೇಲೆ ಸ್ವರ ಮರೆಮಾಡಬೇಕು.

ಯಾವ ಸ್ವರ ಹಾಕಬೇಕು? ಹಾಡಿನ ನಿಜವಾದ ಸ್ವರ ಹಾಕಿದರೆ ಒಂದು ತಮಾಷೆ ಆಗುತ್ತದೆ. ಬ್ರಾಕೆಟ್ ಒಳಗಿನ ಸ್ವರಗಳನ್ನು ನೋಡಿಕೊಂಡು ವಾಲುತ್ತದೆ. ಸ್ವರ ಮೇಲೇರಿದರೆ ಬ್ರಾಕೆಟ್ ಮೇಲೇರುತ್ತದೆ, ಇಳಿದರೆ ಇಳಿಯುತ್ತದೆ. ಸ್ವರ ಮರೆಯಾದರೂ ವಾಲಿದ ಗೆರೆ ಉತ್ತರ ಹೇಳಿಬಿಡುತ್ತದೆ. ಚುರುಕಾದ ಮಗು ಇದನ್ನು ಬೇಗ ಕಂಡುಹಿಡಿಯುತ್ತದೆ, ನೀವು ಕಂಡುಹಿಡಿಯುವ ಮೊದಲೇ. ಆದ್ದರಿಂದ ಟ್ರೆಬಲ್ ಕ್ಲೆಫ್‌ನಲ್ಲಿ ನಡುಗೆರೆಯ ಸ್ವರವನ್ನೇ, ಅಂದರೆ ಬಿ ಸ್ವರವನ್ನೇ, ಮೂರಕ್ಕೂ ಹಾಕಿ. ಬ್ರಾಕೆಟ್ ನೆಟ್ಟಗೆ ಮಲಗುತ್ತದೆ. ಸ್ಟಾಫ್ ಹೊರಗಿನ ಪುಟ್ಟ ಗೆರೆಗಳ ಕಾಟವೂ ಇಲ್ಲ, ಶಾರ್ಪ್ ಫ್ಲಾಟ್‌ಗಳ ರಗಳೆಯೂ ಇಲ್ಲ. ನಿಜವಾದ ಸ್ವರವೇ ಒಳಗಿರಬೇಕು ಎನ್ನುವವರು ಸ್ಟೈಲ್‌ನ ಟ್ಯೂಪ್ಲೆಟ್ಸ್ ಪುಟದಲ್ಲಿ ಬ್ರಾಕೆಟ್‌ನ ಗರಿಷ್ಠ ಇಳಿಜಾರನ್ನು ಸೊನ್ನೆ ಮಾಡಿ.

1. ಮೊದಲಿನ ಹಾಗೆಯೇ 5, ಆಮೇಲೆ ಕಂಟ್ರೋಲ್ ಜತೆ 3. ಬಿ ಅಕ್ಷರವನ್ನು ಮೂರು ಸಲ ಒತ್ತಿ. ಸ್ವರ ನಡುಗೆರೆ ಬಿಟ್ಟು ಬೇರೆ ಸ್ಥಾಯಿಗೆ ಹೋಗಿದ್ದರೆ ಕಂಟ್ರೋಲ್ ಹಿಡಿದು ಮೇಲಿನ ಅಥವಾ ಕೆಳಗಿನ ಬಾಣ ಒತ್ತಿ ತನ್ನಿ.

2. ಮೊದಲ ಸ್ವರ ಆರಿಸಿ, ಕಂಟ್ರೋಲ್ ಜತೆ ಎಲ್ ಒತ್ತಿ. ಸಾಹಿತ್ಯ ಟೈಪ್ ಮಾಡಿ. ಪದದೊಳಗೆ ಅಕ್ಷರ ಒಡೆಯಲು ಅಡ್ಡಗೆರೆ, ಪದ ಮುಗಿದರೆ ಸ್ಪೇಸ್. ‘ಕಾ-ವೇ-ರಿ’ ಎಂದು ಒಂದು ಟ್ರಿಪ್ಲೆಟ್‌ಗೆ ಹಾಕಿ ನೋಡಿ, ಸರಿಯಾಗಿ ಕೂರುತ್ತದೆ.

3. ಬ್ರಾಕೆಟ್ ಆರಿಸಿ, ಬ್ರಾಕೆಟ್ ಟೈಪ್ ಅನ್ನು ಆಟೋದಿಂದ ತೆಗೆದು ಬ್ರಾಕೆಟ್‌ಗೆ ಬದಲಿಸಿ. ಈ ದಾರಿಯಲ್ಲಿ ಇದನ್ನು ಮರೆಯಲೇಬಾರದು. ಒಳಗೆ ಬೀಮ್ ಇದೆ.

4. ಮೂರು ಸ್ವರಗಳ ತಲೆಗಳನ್ನು ಕಂಟ್ರೋಲ್ ಹಿಡಿದು ಆರಿಸಿ ವಿ ಒತ್ತಿ. ಈಗ ಸೂಕ್ಷ್ಮವಾಗಿ ನೋಡಿ. ನಿಮ್ಮ ಆವೃತ್ತಿಯಲ್ಲಿ ಸ್ಟೆಮ್, ಬೀಮ್ ಕೂಡ ಬೂದಾಗಿದ್ದರೆ ಸರಿ. ಕಪ್ಪಾಗಿ ಉಳಿದಿದ್ದರೆ ಒಂದೊಂದನ್ನೂ ಕ್ಲಿಕ್ ಮಾಡಿ ವಿ ಒತ್ತಿ.

5. ಧ್ವನಿ. ಮರೆಯಾದ ಸ್ವರ ಕಾಣುವುದಿಲ್ಲ, ಆದರೆ ಪ್ಲೇ ಒತ್ತಿದರೆ ನುಡಿಯುತ್ತದೆ. ತರಗತಿಯಲ್ಲಿ ಕೇಳಿಸುವುದಾದರೆ ಬಿ ಬಿ ಬಿ ಎಂದು ಕುಟ್ಟುವುದು ಕೇಳುತ್ತದೆ. ಸ್ವರ ಆರಿಸಿ, ಪ್ರಾಪರ್ಟೀಸ್‌ನ ಜನರಲ್ ವಿಭಾಗದಲ್ಲಿ ‘ಪ್ಲೇ’ ಗುರುತು ತೆಗೆಯಿರಿ.

ಒಂದು ಸ್ವರ ಕೊಟ್ಟು ಎರಡು ಖಾಲಿ ಬಿಡುವ ಹಾಳೆಯೂ ಇದೇ ರೀತಿ. ಕಾಣಬೇಕಾದ ಸ್ವರವನ್ನು ಸರಿಯಾದ ಜಾಗದಲ್ಲಿ ಹಾಕಿ, ಉಳಿದ ಎರಡಕ್ಕೆ ರೆಸ್ಟ್ ಹಾಕಿ, ಆ ರೆಸ್ಟ್‌ಗಳನ್ನು ಮಾತ್ರ ಮರೆಮಾಡಿ. ಎರಡರಲ್ಲೂ ಸ್ವರ ಹಾಕಿ ಮರೆಮಾಡಿದರೆ ಬೀಮ್ ಮೊದಲ ಸ್ವರದಿಂದ ಹೊರಟು ಖಾಲಿ ಜಾಗದ ಮೇಲೆ ಚಾಚಿಕೊಳ್ಳುತ್ತದೆ. ಬೀಮ್ ಮರೆಮಾಡಿದರೆ ಮೊದಲ ಸ್ವರ ಕ್ವಾರ್ಟರ್ ನೋಟ್‌ನ ಹಾಗೆ ಕಾಣುತ್ತದೆ. ರೆಸ್ಟ್ ಹಾಕಿದರೆ ಈ ಎರಡೂ ತಾಪತ್ರಯ ಇಲ್ಲ. ಸ್ವರ ತನ್ನದೇ ಫ್ಲ್ಯಾಗ್ (ಸ್ಟೆಮ್‌ನ ತುದಿಯ ಬಾಲ) ಹೊತ್ತು ಎಯ್ತ್ ನೋಟ್ ಆಗಿಯೇ ನಿಲ್ಲುತ್ತದೆ.

ಕನ್ನಡ ಅಕ್ಷರ ಸರಿ ಬರಲು

ಮ್ಯೂಸ್‌ಸ್ಕೋರ್‌ನ ಮೂಲ ಅಕ್ಷರಶೈಲಿಯಲ್ಲಿ ಕನ್ನಡ ಇಲ್ಲ. ಕಂಪ್ಯೂಟರ್ ತನಗೆ ಸಿಕ್ಕ ಯಾವುದೋ ಕನ್ನಡ ಫಾಂಟ್ ತಂದು ಹಾಕುತ್ತದೆ, ಗಾತ್ರ ಹೊಂದುವುದಿಲ್ಲ. ಸ್ಟೈಲ್‌ನ ಟೆಕ್ಸ್ಟ್ ಸ್ಟೈಲ್ಸ್ ಪುಟದಲ್ಲಿ ಲಿರಿಕ್ಸ್ ಆರಿಸಿ ನೋಟೋ ಸಾನ್ಸ್ ಕನ್ನಡ ಅಥವಾ ವಿಂಡೋಸ್‌ನಲ್ಲೇ ಇರುವ ನಿರ್ಮಲಾ ಯುಐ ಹಾಕಿ. ಹಳೆಯ ನುಡಿ ಅಥವಾ ಬರಹದ ಎಎನ್‌ಎಸ್‌ಐ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟ ಹಾಡುಗಳಿದ್ದರೆ ನೇರ ಅಂಟಿಸಬೇಡಿ, ಚಿತ್ರವಿಚಿತ್ರ ಗುರುತು ಬರುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ.

ದುಡಿಯ ಪಾಠಕ್ಕೆ

ದುಡಿಕೊಟ್ಟ್ ಪಾಟ್ (ದುಡಿ ಬಾರಿಸುತ್ತಾ ಹಾಡುವ ಕೊಡವ ಹಾಡು) ಕಲಿಸುವವರು ಸ್ಟಾಫ್ ನೋಟೇಷನ್ ಹತ್ತಿರ ಹೋಗುವುದು ಕಡಿಮೆ. ಹೋಗಬೇಕೆಂದೂ ಇಲ್ಲ, ಅದು ಕೇಳಿ ಕಲಿಯುವ ವಿದ್ಯೆ. ಆದರೆ ಶಾಲೆಯ ವಾರ್ಷಿಕೋತ್ಸವಕ್ಕೆ ಬ್ಯಾಂಡ್ ಜತೆ ದುಡಿ ಸೇರಿಸುವಾಗ, ದುಡಿ ಎಲ್ಲಿ ಸೇರಬೇಕು ಎಂದು ಬ್ಯಾಂಡ್ ಹುಡುಗರಿಗೆ ತೋರಿಸಲು ಕಾಗದ ಬೇಕಾಗುತ್ತದೆ. ಅಲ್ಲಿ ಖಾಲಿ ಬ್ರಾಕೆಟ್ ಕೆಲಸಕ್ಕೆ ಬರುತ್ತದೆ. ಒಂದೇ ಗೆರೆಯ ತಾಳವಾದ್ಯದ ಸ್ಟಾಫ್ ಆರಿಸಿ, ಟ್ರಿಪ್ಲೆಟ್ ರೆಸ್ಟ್‌ಗಳನ್ನು ಹಾಕಿ, ಮರೆಮಾಡಿ. ಮೇಲೆ ‘ದುಡಿ’ ಎಂದು ಬರೆಯಿರಿ. ಇಲ್ಲಿ ಮೂರರ ಪೆಟ್ಟು ಬರುತ್ತದೆ ಎಂದು ಬ್ಯಾಂಡಿಗೆ ಗೊತ್ತಾಗುತ್ತದೆ, ಯಾವ ಪೆಟ್ಟು ಎಂಬುದನ್ನು ದುಡಿ ಹಿಡಿದವರಿಗೆ ಬಿಡಿ. ಅವರು ಪ್ರತಿ ಸಲ ಒಂದೇ ರೀತಿ ಬಾರಿಸಬೇಕೆಂದು ಹಟ ಹಿಡಿದು ಬರೆದುಕೊಡುವುದು ನನಗೆ ಇಷ್ಟವಿಲ್ಲ.

ಪೆಟ್ಟಿನ ಲಯ ಕಾಣಬೇಕು, ಸ್ವರದ ಸ್ಥಾನ ಮಾತ್ರ ಬೇಡ ಎಂದಾದರೆ ಮರೆಮಾಡುವ ತಂಟೆಗೇ ಹೋಗಬೇಡಿ. ಸ್ವರಗಳನ್ನು ಆರಿಸಿ, ಟೂಲ್ಸ್ ಮೆನುವಿನಲ್ಲಿ ರಿದಮಿಕ್ ಸ್ಲ್ಯಾಶ್‌ಗೆ ಬದಲಿಸುವ ಆಯ್ಕೆ ಬಳಸಿ. ತಲೆಗಳೆಲ್ಲ ಓರೆಗೆರೆ ಆಗುತ್ತವೆ, ಸ್ಟೆಮ್, ಬೀಮ್, ‘3’ ಎಲ್ಲ ಉಳಿಯುತ್ತವೆ. ಗಿಟಾರ್ ಹಿಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಜಾಗ, ದಪ್ಪ, ಎತ್ತರ

ಖಾಲಿ ಬ್ರಾಕೆಟ್ ಕೆಲವೊಮ್ಮೆ ಸ್ಟಾಫ್ ಕೆಳಗೆ ಹೋಗಿ ಸಾಹಿತ್ಯಕ್ಕೆ ಬಡಿಯುತ್ತದೆ. ಪ್ರಾಪರ್ಟೀಸ್‌ನಲ್ಲಿ ಡೈರೆಕ್ಷನ್ ಅನ್ನು ‘ಅಪ್’ ಮಾಡಿ. ಒಂದೊಂದೇ ಮೌಸ್‌ನಲ್ಲಿ ಎಳೆದು ಸರಿಮಾಡುವುದಕ್ಕಿಂತ ಇದು ಒಳ್ಳೆಯದು, ಎಲ್ಲವೂ ಒಂದೇ ಸಾಲಿನಲ್ಲಿ ಕೂರುತ್ತವೆ. ಎಳೆದು ಹಾಳಾದರೆ ಆರಿಸಿ ಕಂಟ್ರೋಲ್ ಜತೆ ಆರ್ ಒತ್ತಿ, ಮೂಲ ಜಾಗಕ್ಕೆ ವಾಪಸ್.

ಮಕ್ಕಳು ಪೆನ್ಸಿಲ್‌ನಲ್ಲಿ ಬರೆಯಬೇಕಾದ್ದರಿಂದ ಸ್ಟಾಫ್ ದೊಡ್ಡದಿರಲಿ. ಫಾರ್ಮ್ಯಾಟ್ ಮೆನುವಿನ ಪೇಜ್ ಸೆಟ್ಟಿಂಗ್ಸ್‌ನಲ್ಲಿ ಸ್ಟಾಫ್ ಸ್ಪೇಸ್ ಸುಮಾರು 1.75 ಮಿಲಿಮೀಟರ್ ಇರುತ್ತದೆ. ಅದನ್ನು 2.5ಕ್ಕೆ ಏರಿಸಿ. ಬ್ರಾಕೆಟ್ ಒಳಗೆ ಅಗಲ ಸಾಲದಿದ್ದರೆ ಬಾರ್ ಆರಿಸಿ, ಫಾರ್ಮ್ಯಾಟ್‌ನ ಸ್ಟ್ರೆಚ್ ಪಟ್ಟಿಯಿಂದ ಹಿಗ್ಗಿಸಿ.

ಬ್ರಾಕೆಟ್‌ನ ಗೆರೆ ತೆಳ್ಳಗಿರುತ್ತದೆ. ಒಳ್ಳೆಯ ಪ್ರಿಂಟರ್‌ನಲ್ಲಿ ಚೆಂದ, ಜೆರಾಕ್ಸ್‌ನ ಜೆರಾಕ್ಸ್‌ನಲ್ಲಿ ಮಾಯ. ಸ್ಟೈಲ್‌ನ ಟ್ಯೂಪ್ಲೆಟ್ಸ್ ಪುಟದಲ್ಲಿ ಬ್ರಾಕೆಟ್‌ನ ದಪ್ಪವನ್ನು ಸ್ವಲ್ಪ ಏರಿಸಿ, 0.15 ಅಥವಾ 0.18 ಸಾಕು. ಇಡೀ ಹಾಳೆ ನಿಂತಿರುವುದೇ ಆ ಗೆರೆಯ ಮೇಲೆ.

ಎಡವುವ ಜಾಗಗಳು

‘3’ ಆರಿಸಿಕೊಂಡು ಡಿಲೀಟ್ ಒತ್ತಬೇಡಿ. ಹೋಗುವುದು ಗುರುತು ಮಾತ್ರ ಅಲ್ಲ. ಟ್ರಿಪ್ಲೆಟ್ಟೇ ಹೋಗಿ, ಆ ಜಾಗದಲ್ಲಿ ಸಾಮಾನ್ಯ ರೆಸ್ಟ್ ಬರುತ್ತದೆ. ಕೂಡಲೇ ಕಂಟ್ರೋಲ್ ಜತೆ ಜೆಡ್.

ಹಲವು ವಾದ್ಯಗಳ ಸ್ಕೋರ್ ಆಗಿದ್ದರೆ, ಖಾಲಿ ಸ್ಟಾಫ್‌ಗಳನ್ನು ಮರೆಮಾಡುವ ಆಯ್ಕೆ ಆನ್ ಇದೆಯೇ ಎಂದು ನೋಡಿ. ಬರೀ ರೆಸ್ಟ್‌ಗಳಿರುವ ಸ್ಟಾಫ್ ಸಾಫ್ಟ್‌ವೇರ್ ಪಾಲಿಗೆ ಖಾಲಿಯೇ. ನೀವು ಕಷ್ಟಪಟ್ಟು ಮಾಡಿದ ಬ್ರಾಕೆಟ್‌ಗಳ ಸಮೇತ ಸಾಲೇ ಕಾಣೆಯಾಗುತ್ತದೆ. ಬ್ರಾಕೆಟ್ ಎಲ್ಲಿ ಹೋಯಿತು ಎಂದು ಹುಡುಕುವವರು ಈ ಆಯ್ಕೆಯನ್ನು ಕೊನೆಗೆ ನೋಡುತ್ತಾರೆ. ಮೊದಲು ನೋಡಿ.

ಒಬ್ಬೊಬ್ಬರಿಗೆ ಬೇರೆ ಬೇರೆ ಪಾರ್ಟ್ ತೆಗೆಯುವುದಾದರೆ ಪ್ರತಿ ಪಾರ್ಟ್ ತೆರೆದು ನೋಡಿ. ಸ್ಕೋರ್‌ನಲ್ಲಿ ಮರೆಮಾಡಿದ್ದು ಪಾರ್ಟ್‌ನಲ್ಲಿ ಕಾಣುತ್ತಿರಬಹುದು. ಇದನ್ನೇ ಲಾಭಕ್ಕೂ ತಿರುಗಿಸಬಹುದು: ಟೀಚರ್ ಕೈಯಲ್ಲಿ ಸ್ವರ ಇರುವ ಸ್ಕೋರ್, ಮಕ್ಕಳ ಕೈಯಲ್ಲಿ ಖಾಲಿ ಪಾರ್ಟ್.

ಬೇರೆ ಸಾಫ್ಟ್‌ವೇರ್ ಬಳಸುವವರಿಗೆ

ಸಿಬೆಲಿಯಸ್‌ನಲ್ಲಿಯೂ ಸ್ವರ ಆರಿಸಿ ಕಂಟ್ರೋಲ್ ಜತೆ 3 ಒತ್ತಿದರೆ ಟ್ರಿಪ್ಲೆಟ್. ಮರೆಮಾಡಲು ಕಂಟ್ರೋಲ್, ಶಿಫ್ಟ್, ಎಚ್. ಅಲ್ಲಿ ತಲೆ ಇಲ್ಲದ ಸ್ವರ ಎಂಬ ಇನ್ನೊಂದು ಸೌಕರ್ಯ ಇದೆ, ನೋಟ್‌ಹೆಡ್ ಪಟ್ಟಿಯಲ್ಲಿ 7ನೆಯದು. ಸ್ಟೆಮ್ ಮತ್ತು ಬ್ರಾಕೆಟ್ ಮಾತ್ರ ಉಳಿದು, ತಲೆ ಮಕ್ಕಳು ಬರೆಯಬೇಕು. ಲಯ ಕೊಟ್ಟು ಸ್ವರ ಕೇಳುವ ಪರೀಕ್ಷೆಗೆ ಇದು ತುಂಬಾ ಚೆನ್ನ. ಬ್ರಾಕೆಟ್ ಆಟೋದಲ್ಲೇ ಇರುತ್ತದೆ, ಇನ್‌ಸ್ಪೆಕ್ಟರ್‌ನಲ್ಲಿ ಬದಲಿಸಿ.

ಫಿನಾಲೆ ಬಳಸುತ್ತಿದ್ದವರು ಹಳೆಯ ಫೈಲ್‌ಗಳನ್ನು ಈಗಲೇ, ಬೇರೆ ಸಾಫ್ಟ್‌ವೇರ್‌ಗಳೂ ತೆರೆಯಬಲ್ಲ ಮ್ಯೂಸಿಕ್‌ಎಕ್ಸ್‌ಎಂಎಲ್ ಆಗಿ ತೆಗೆದಿಟ್ಟುಕೊಳ್ಳಿ. ಆಗಸ್ಟ್ 2024ರಲ್ಲಿ ಅದರ ಕಂಪನಿಯೇ ಆ ಸಾಫ್ಟ್‌ವೇರ್ ನಿಲ್ಲಿಸುವುದಾಗಿ ಹೇಳಿದೆ. ಮ್ಯೂಸ್‌ಸ್ಕೋರ್‌ನಲ್ಲಿ ತೆರೆದ ಮೇಲೆ ಮರೆಯಾದ ಸ್ವರಗಳನ್ನೂ ಬ್ರಾಕೆಟ್‌ಗಳನ್ನೂ ಒಂದೊಂದಾಗಿ ನೋಡಿಕೊಳ್ಳಿ. ಇಂಥ ಸಣ್ಣ ವಿಷಯಗಳು ದಾರಿಯಲ್ಲಿ ಉದುರುವುದುಂಟು.

ಪ್ರಿಂಟ್‌ಗೆ ಮೊದಲು

ಉತ್ತರದ ಹಾಳೆ ಬೇಕಾದರೆ ಅದನ್ನು ಮೊದಲು ಮಾಡಿ. ಪೂರ್ತಿ ಸ್ವರ ಹಾಕಿದ ಸ್ಕೋರ್ ಉಳಿಸಿ, ಬೇರೆ ಹೆಸರಿನಲ್ಲಿ ಇನ್ನೊಮ್ಮೆ ಉಳಿಸಿ, ಎರಡನೆಯದರಲ್ಲಿ ಮರೆಮಾಡುವ ಕೆಲಸ ಮಾಡಿ. ಬ್ರಾಕೆಟ್ ಇಳಿಜಾರು ಸೊನ್ನೆ ಮಾಡುವುದನ್ನು ಮರೆಯಬೇಡಿ.

ಪಬ್ಲಿಷ್ ಪುಟಕ್ಕೆ ಹೋದರೆ ಕಾಗದದಲ್ಲಿ ಹೇಗೆ ಬರುತ್ತದೆ ಎಂದು ಕಾಣುತ್ತದೆ, ಬೂದು ಏನೂ ಇರುವುದಿಲ್ಲ. ಅಲ್ಲಿ ಒಂಟಿ ಬೀಮ್, ಒಂಟಿ ಸ್ಟೆಮ್, ಗೆರೆ ಇಲ್ಲದ ‘3’ ಕಂಡರೆ ವಾಪಸ್ ಬಂದು ಸರಿಮಾಡಿ. ಆಮೇಲೆ ಪಿಡಿಎಫ್ ಮಾಡಿ. ಅಂಗಡಿಗೆ ಪೆನ್ ಡ್ರೈವ್‌ನಲ್ಲಿ ಮ್ಯೂಸ್‌ಸ್ಕೋರ್ ಫೈಲ್ ಕೊಂಡೊಯ್ದರೆ ಅಲ್ಲಿ ತೆರೆಯುವುದಿಲ್ಲ, ಪಿಡಿಎಫ್ ಎಲ್ಲ ಕಡೆ ತೆರೆಯುತ್ತದೆ, ಕನ್ನಡ ಅಕ್ಷರವೂ ಕೆಡುವುದಿಲ್ಲ. ಪ್ರಿಂಟ್ ಕೊಡುವಾಗ ‘ಫಿಟ್ ಟು ಪೇಜ್’ ಬೇಡ, ನೂರು ಪರ್ಸೆಂಟ್ ಅಳತೆಯಲ್ಲೇ ಹಾಕಿ ಎಂದು ಹೇಳಿ. ಇಲ್ಲದಿದ್ದರೆ 2.5 ಮಿಲಿಮೀಟರ್‌ಗೆ ಏರಿಸಿದ ಸ್ಟಾಫ್ ಮತ್ತೆ ಕುಗ್ಗಿ ಬರುತ್ತದೆ.